ಹಿಡಿದದ್ದು ಏನು? ಬಿಟ್ಟದ್ದು ಏನು?

ನೋವಿನ ಬಗ್ಗೆ ಕನ್ನಡಿಗರು ಆಡುವ ಮಾತು ಸ್ವಾರಸ್ಯವಾಗಿದೆ. ನಮಗೆ ಸೊಂಟ ಸುಮ್ಮನೆ ನೋಯುವುದಿಲ್ಲ, 'ಹಿಡಿದುಕೊಳ್ಳುತ್ತದೆ'. ಕುತ್ತಿಗೆ ಹಿಡಿಯುತ್ತದೆ, ಬೆನ್ನು ಹಿಡಿಯುತ್ತದೆ, ಕೆಲವರಿಗೆ ಬೆಳಗ್ಗೆ ಹಾಸಿಗೆಯಿಂದ ಕಾಲು ಕೆಳಗಿಡುವಾಗ ಹಿಮ್ಮಡಿಯೂ ಹಿಡಿದಿರುತ್ತದೆ. ನಾಲ್ಕು ದಿನ ಎಣ್ಣೆ ತಿಕ್ಕಿ ಬಿಸಿನೀರು ಹಾಕಿಸಿಕೊಂಡ ಮೇಲೆ 'ಈಗ ಸ್ವಲ್ಪ ಬಿಟ್ಟಿದೆ' ಎನ್ನುತ್ತೇವೆ. ಕಾಲು ಮುಂದಾಗಿ ಹುಟ್ಟಿದವರಿಂದ ತುಳಿಸಿಕೊಂಡರೆ ಸೊಂಟದ ಹಿಡಿತ ಬಿಡುತ್ತದೆ ಎಂದು ನಂಬಿದವರು ನಮ್ಮ ಹಳ್ಳಿಗಳಲ್ಲಿ ಇದ್ದರು, ಈಗಲೂ ಇದ್ದಾರೆ. ಹಿಡಿದದ್ದು ಏನು, ಬಿಟ್ಟದ್ದು ಏನು ಎಂದು ಯಾರೂ ಕೇಳುವುದಿಲ್ಲ. ನೋವು ಹೋದರೆ ಸಾಕು.

ಈ ಪ್ರಶ್ನೆಗೆ ತನ್ನಲ್ಲಿ ಉತ್ತರವಿದೆ ಎಂದು ಹೇಳುವ ಒಂದು ಚಿಕಿತ್ಸೆ ಇದೆ. ನಗರಗಳ ಫಿಸಿಯೋಥೆರಪಿ ಕೇಂದ್ರಗಳ ಫಲಕಗಳ ಮೇಲೆ 'ಮಯೋಫೇಷಿಯಲ್ ರಿಲೀಸ್' ಎಂಬ ಹೆಸರನ್ನು ನೀವು ಓದಿರಬಹುದು. ಮಯೋ ಎಂದರೆ ಮಾಂಸಖಂಡಕ್ಕೆ ಸಂಬಂಧಿಸಿದ್ದು. ಫೇಷಿಯಾ ಎಂಬ ಲ್ಯಾಟಿನ್ ಮಾತಿಗೆ ಪಟ್ಟಿ, ಕಟ್ಟು ಎಂಬ ಅರ್ಥ. ರಿಲೀಸ್ ಎಂದರೆ ನಾವು ಹೇಳುವ 'ಬಿಡುವುದು'. ಮಾಂಸಖಂಡವನ್ನು ಸುತ್ತಿಕೊಂಡ ಪೊರೆ ಬಿಗಿದುಕೊಂಡಿದೆ, ಕೈಯಿಂದ ಒತ್ತಿ ಎಳೆದು ಅದನ್ನು ಸಡಿಲಗೊಳಿಸಬಹುದು, ಹಾಗೆ ಮಾಡಿದರೆ ವರ್ಷಗಟ್ಟಲೆ ಕಾಡಿದ ನೋವು ಇಳಿಯುತ್ತದೆ ಎಂಬುದು ಇದರ ಸಾರಾಂಶ. ಇಡೀ ದೇಹವೇ ಗುಣವಾಗುತ್ತದೆ ಎನ್ನುವವರೂ ಉಂಟು. ಇವರ ಬಳಿಗೆ ಹೋಗುವವರಲ್ಲಿ ಬಹಳ ಮಂದಿ ಎಕ್ಸ್‌ರೇ, ಸ್ಕ್ಯಾನ್ ಎಲ್ಲ ಮಾಡಿಸಿ 'ಏನೂ ತೊಂದರೆ ಇಲ್ಲ' ಎಂಬ ವರದಿಯನ್ನು ಕೈಯಲ್ಲಿ ಹಿಡಿದುಕೊಂಡವರು. ತೊಂದರೆ ಇಲ್ಲವೆಂದರೆ ನೋಯುವುದೇಕೆ? ಈ ಪ್ರಶ್ನೆಯನ್ನು ಕೇಳಿಸಿಕೊಳ್ಳುವ ಜಾಗ ಅವರಿಗೆ ಬೇಕು. ಆದ್ದರಿಂದ ಈ ಚಿಕಿತ್ಸೆ ಹೇಳುವ ಉತ್ತರ ಎಷ್ಟು ನಿಜ ಎಂದು ನೋಡುವುದು ಬರಿಯ ಕುತೂಹಲದ ವಿಷಯವಲ್ಲ.

ಮೊದಲು ಪೊರೆ. ಮಾಂಸದ ಅಂಗಡಿಯಲ್ಲಿ ತೊಡೆಯ ತುಂಡಿನ ಮೇಲೆ ಹೊಳೆಯುವ ತೆಳ್ಳನೆಯ ಬಿಳಿ ಹಾಳೆಯನ್ನು ಕಟುಕ ಕತ್ತಿಯ ತುದಿಯಿಂದ ಎತ್ತಿ ಬಿಸಾಡುವುದನ್ನು ಕಂಡವರಿಗೆ ಫೇಷಿಯಾ ಪರಿಚಿತ. ಮಾಂಸ ತಿನ್ನದವರು ಚಕ್ಕೋತವನ್ನು ನೆನೆಯಬಹುದು. ಸಿಪ್ಪೆಯ ಕೆಳಗಿನ ಬಿಳಿ ಪದರ, ತೊಳೆ ತೊಳೆಯನ್ನೂ ಬೇರ್ಪಡಿಸುವ ಪೊರೆ, ತೊಳೆಯೊಳಗೆ ರಸದ ಒಂದೊಂದು ಎಸಳಿಗೂ ಇರುವ ಹೊದಿಕೆ, ಇವೆಲ್ಲ ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ. ನಮ್ಮ ದೇಹದಲ್ಲೂ ಹೀಗೆಯೇ. ಚರ್ಮದ ಕೆಳಗೆ ಒಂದು ಪದರ, ಮಾಂಸಖಂಡಗಳ ಸುತ್ತ ಒಂದು, ಖಂಡದೊಳಗಿನ ಎಳೆ ಎಳೆಗೂ ಮತ್ತೊಂದು. ಅಂಗಾಲಿನಲ್ಲಿ, ತೊಡೆಯ ಹೊರಬದಿಯಲ್ಲಿ, ಬೆನ್ನಿನ ಕೆಳಭಾಗದಲ್ಲಿ ಇದು ದಪ್ಪನೆಯ ಗಟ್ಟಿ ಹಾಳೆ. ಉಳಿದ ಕಡೆ ಜೇಡರ ಬಲೆಯಂತೆ ನವಿರು.

ಅಂಗರಚನಾಶಾಸ್ತ್ರಜ್ಞರು ಈ ವಸ್ತುವಿನ ವಿಷಯದಲ್ಲಿ ಕಟುಕರಿಗಿಂತ ಬಹಳ ಭಿನ್ನವಾಗಿ ವರ್ತಿಸಲಿಲ್ಲ. ಇಟಲಿಯ ಪಾದುವಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ವೆಸೇಲಿಯಸ್ 1543ರಲ್ಲಿ ಪ್ರಕಟಿಸಿದ ಮಹಾಗ್ರಂಥದಲ್ಲಿ ಚರ್ಮ ಸುಲಿದ ಮನುಷ್ಯರು ಬೆಟ್ಟಗಳ ಮುಂದೆ ನಿಂತ ಚಿತ್ರಗಳಿವೆ. ಒಂದೊಂದು ಮಾಂಸಖಂಡವೂ ಸ್ಪಷ್ಟ. ಅಷ್ಟು ಸ್ಪಷ್ಟವಾಗಿ ಕಾಣಬೇಕಾದರೆ ಮೇಲಿನ ಪೊರೆಯನ್ನು ಕೆರೆದು ತೆಗೆಯಲೇಬೇಕು. ಅಲ್ಲಿಂದ ಮುಂದೆ ನಾಲ್ಕು ಶತಮಾನಗಳ ಕಾಲ ವೈದ್ಯ ವಿದ್ಯಾರ್ಥಿಗಳು ಶವಚ್ಛೇದನದ ಮೇಜಿನ ಮೇಲೆ ಕಲಿತ ಮೊದಲ ಕೆಲಸಗಳಲ್ಲಿ 'ಶುಚಿಗೊಳಿಸುವುದು' ಒಂದು. ಹಾಗೆಂದರೆ ಫೇಷಿಯಾವನ್ನು ಬಕೆಟ್ಟಿಗೆ ಹಾಕುವುದು.

ಇಲ್ಲಿ ನಮ್ಮ ಸುಶ್ರುತನ ನೆನಪಾಗುತ್ತದೆ. ಶವವನ್ನು ಹುಲ್ಲು, ನಾರುಗಳಿಂದ ಸುತ್ತಿ ಏಳು ರಾತ್ರಿ ಹರಿಯುವ ನೀರಿನಲ್ಲಿರಿಸಿ, ಆಮೇಲೆ ಲಾವಂಚ, ಬಿದಿರು, ಕೂದಲುಗಳ ಕುಂಚದಿಂದ ಮೆಲ್ಲಮೆಲ್ಲನೆ ಉಜ್ಜುತ್ತ ಪದರ ಪದರವಾಗಿ ನೋಡಬೇಕೆಂದು ಆತನ ಸಂಹಿತೆ ಹೇಳುತ್ತದೆ. 'ಕಲಾ' ಎಂಬ ಏಳು ಪೊರೆಗಳನ್ನೂ ಅದು ಎಣಿಸುತ್ತದೆ. ಮೊದಲನೆಯದು ಮಾಂಸವನ್ನು ಧರಿಸಿರುವ ಮಾಂಸಧರಾ. ಇದನ್ನು ಹಿಡಿದುಕೊಂಡು ಫೇಷಿಯಾ ವಿಜ್ಞಾನವೆಲ್ಲ ನಮ್ಮಲ್ಲೇ ಇತ್ತೆಂದು ಡಂಗುರ ಹೊಡೆಯಬೇಕಾಗಿಲ್ಲ. ಕತ್ತಿಗೆ ಕಾಣುವುದು ಬೇರೆ, ಕುಂಚಕ್ಕೆ ಕಾಣುವುದು ಬೇರೆ ಎಂಬಷ್ಟು ಮಾತ್ರ ಇದರಿಂದ ಸಿದ್ಧವಾಗುತ್ತದೆ.

ಬಕೆಟ್ಟಿನಿಂದ ಆ ಪೊರೆಯನ್ನು ಮೇಲೆತ್ತಿದವನು ಅಮೆರಿಕದ ಆಂಡ್ರ್ಯೂ ಟೇಲರ್ ಸ್ಟಿಲ್. ಹುಟ್ಟಿದ್ದು 1828ರಲ್ಲಿ, ವರ್ಜೀನಿಯಾದಲ್ಲಿ. ತಂದೆ ಮೆಥಡಿಸ್ಟ್ ಪಾದ್ರಿ, ಜೊತೆಗೆ ವೈದ್ಯ. ಮಗನೂ ವೈದ್ಯನಾದ, ಅಂತರ್ಯುದ್ಧದಲ್ಲಿ ಉತ್ತರದವರ ಪಕ್ಷದಲ್ಲಿ ಸೇವೆ ಮಾಡಿದ. 1864ರಲ್ಲಿ ಮೆನಿಂಜೈಟಿಸ್ ಎಂಬ, ಮಿದುಳು ಮತ್ತು ಬೆನ್ನುಹುರಿಯ ಹೊದಿಕೆಯ ರೋಗಕ್ಕೆ ಅವನ ಮೂವರು ಮಕ್ಕಳು ಬಲಿಯಾದರು. ಅಂದಿನ ವೈದ್ಯರ ಚೀಲದಲ್ಲಿದ್ದದ್ದು ಪಾದರಸದ ಪುಡಿ, ಅಫೀಮು, ಮದ್ಯ. ಸ್ವತಃ ವೈದ್ಯನಾಗಿದ್ದೂ ತನ್ನ ಮಕ್ಕಳನ್ನು ಉಳಿಸಿಕೊಳ್ಳಲಾರದ ತಂದೆಗೆ ಆ ಚೀಲದ ಮೇಲೆಯೇ ನಂಬಿಕೆ ಹಾರಿಹೋಯಿತು. ದೇಹಕ್ಕೆ ತನ್ನನ್ನು ತಾನೇ ಸರಿಪಡಿಸಿಕೊಳ್ಳುವ ಶಕ್ತಿ ಇದೆ, ರಕ್ತ ಮತ್ತು ನರಗಳ ಹಾದಿಯಲ್ಲಿ ಅಡ್ಡಬಂದದ್ದನ್ನು ಕೈಯಿಂದ ನಿವಾರಿಸುವುದಷ್ಟೇ ವೈದ್ಯನ ಕೆಲಸ ಎಂಬ ತೀರ್ಮಾನಕ್ಕೆ ಬಂದು, 1874ರ ಜೂನ್ 22ರಂದು ತನ್ನ ಪದ್ಧತಿ ಹುಟ್ಟಿತೆಂದು ಗುರುತಿಟ್ಟುಕೊಂಡ. ಅದಕ್ಕೆ ಮುಂದೆ ಆಸ್ಟಿಯೋಪಥಿ ಎಂದು ಹೆಸರಾಯಿತು. 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್ ಎಂಬ ಸಣ್ಣ ಊರಿನಲ್ಲಿ ಶಾಲೆ ತೆರೆದ. 1899ರ ತನ್ನ ಪುಸ್ತಕದಲ್ಲಿ ಫೇಷಿಯಾಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟ. ಇಡೀ ದೇಹವನ್ನು ಒಂದಾಗಿಸುವ ಈ ಹೊದಿಕೆಯಲ್ಲಿಯೇ ರೋಗದ ಮೂಲವನ್ನು ಹುಡುಕಬೇಕೆಂಬುದು ಅವನ ವಾದ.

ಸ್ಟಿಲ್ ಹೇಳಿದ್ದರಲ್ಲಿ ಒಂದು ನಿಜ ಮತ್ತು ಒಂದು ಅತಿಶಯೋಕ್ತಿ ಅವಳಿ ಮಕ್ಕಳಂತೆ ಒಟ್ಟಿಗೆ ಹುಟ್ಟಿದವು. ಪೊರೆ ನಿರ್ಜೀವ ಪ್ಯಾಕಿಂಗ್ ಅಲ್ಲ ಎಂಬುದು ನಿಜ. ಜ್ವರ, ಭೇದಿಗಳನ್ನು ಕೂಡ ಕೈಯಿಂದ ಒತ್ತಿ ಗುಣಪಡಿಸಬಹುದು ಎಂಬುದು ಅತಿಶಯೋಕ್ತಿ. ಈ ಅವಳಿಗಳನ್ನು ಬೇರ್ಪಡಿಸುವ ಕೆಲಸ ಇನ್ನೂ ಮುಗಿದಿಲ್ಲ.

ಯುರೋಪಿನಲ್ಲಿ ಕೈಚಿಕಿತ್ಸೆಗೆ ಬೇರೆ ದಾರಿಗಳಿದ್ದವು. ಸ್ವೀಡನ್ನಿನ ಲಿಂಗ್ 1813ರಲ್ಲಿ ಸ್ಟಾಕ್‌ಹೋಮಿನಲ್ಲಿ ಅಂಗಸಾಧನೆಯ ಸಂಸ್ಥೆ ಕಟ್ಟಿದ್ದ. ಲಂಡನ್ನಿನ ನರರೋಗ ತಜ್ಞ ಗವರ್ಸ್ 1904ರಲ್ಲಿ ಸೊಂಟನೋವನ್ನು ವಿವರಿಸಲು 'ಫೈಬ್ರೊಸೈಟಿಸ್', ಅಂದರೆ ನಾರುಪೊರೆಯ ಉರಿಯೂತ, ಎಂಬ ಪದವನ್ನು ಹುಟ್ಟುಹಾಕಿದ. ಉರಿಯೂತ ಅಲ್ಲಿ ಕಾಣಿಸಲೇ ಇಲ್ಲ, ಆದರೂ ಪದ ಹಲವು ದಶಕ ಬಾಳಿತು. ವೈದ್ಯಕೀಯದಲ್ಲಿ ಹೆಸರಿಟ್ಟ ಕೂಡಲೇ ರೋಗ ಅರ್ಥವಾಯಿತೆಂಬ ಭ್ರಮೆ ಹೊಸದೇನಲ್ಲ.

ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಜರ್ಮನಿಯ ಎಲಿಜಬೆತ್ ಡಿಕೆ ಅವರ ಕತೆಯ ಬಳಿ. ಫಿಸಿಯೋಥೆರಪಿಯೇ ಅವರ ವೃತ್ತಿ. 1929ರಲ್ಲಿ ಬಲಗಾಲಿಗೆ ರಕ್ತ ಹರಿಯುವುದು ಕುಂಠಿತವಾಗಿ ಕಾಲು ಹಿಮದಂತೆ ತಣ್ಣಗಾಯಿತು, ಬಿಳಿಚಿಕೊಂಡಿತು. ಕಾಲು ಕತ್ತರಿಸುವ ಮಾತು ಬಂದಿತ್ತು. ತಿಂಗಳುಗಟ್ಟಲೆ ಮಲಗಿದ್ದ ಆಕೆಗೆ ಅಸಾಧ್ಯವಾದ ಬೆನ್ನುನೋವೂ ಸೇರಿಕೊಂಡಿತು. ನೋವು ತಾಳದೆ ತಾವೇ ಸೊಂಟದ ಹಿಂಭಾಗವನ್ನು ಮುಟ್ಟಿ ನೋಡಿಕೊಂಡಾಗ ಅಲ್ಲಿನ ಚರ್ಮ ಮತ್ತು ಅದರ ಕೆಳಗಿನ ಪದರ ದಪ್ಪಗೆ, ಬಿಗಿಯಾಗಿ ಕೈಗೆ ಸಿಕ್ಕಿತು. ಬೆರಳ ತುದಿಯಿಂದ ಅದನ್ನು ಎಳೆಯತೊಡಗಿದರು. ಬಿಗಿ ಇಳಿಯುತ್ತ ಬಂದಂತೆ ತಣ್ಣಗಿದ್ದ ಕಾಲಿನಲ್ಲಿ ಜುಮುಜುಮು, ಆಮೇಲೆ ಬಿಸಿ. ಸಹೋದ್ಯೋಗಿಯೊಬ್ಬರ ಕೈಯಿಂದ ಚಿಕಿತ್ಸೆ ಮುಂದುವರಿಸಿ ಸುಮಾರು ಮೂರು ತಿಂಗಳಲ್ಲಿ ಚೇತರಿಸಿಕೊಂಡರು, ವರ್ಷದೊಳಗೆ ಕೆಲಸಕ್ಕೆ ಮರಳಿದರು. ಒಬ್ಬ ರೋಗಿಯ ಅನುಭವ ವಿಜ್ಞಾನದ ಪುರಾವೆಯಾಗದು, ಸರಿ. ಆದರೂ ಡಿಕೆ ಹೇಳಿದ್ದರಲ್ಲಿ ಗಮನಿಸಬೇಕಾದ ಒಂದು ಅಂಶವಿದೆ: ಬೆನ್ನಿನ ಪೊರೆಯನ್ನು ಎಳೆದರೆ ಕಾಲಿಗೆ ಬಿಸಿ ಬಂದದ್ದು ಪೊರೆಯ ಮೂಲಕವಲ್ಲ, ನರಗಳ ಮೂಲಕ ಎಂಬುದು ಆ ಪದ್ಧತಿಯ ವಿವರಣೆಯಾಗಿತ್ತು. ಮುಂದೆ ಬಂದ ಅಮೆರಿಕನ್ನರು ಈ ಅಂಶವನ್ನು ಮರೆತರು.

ಆ ಅಮೆರಿಕನ್ನರಲ್ಲಿ ಮುಖ್ಯರು ಐಡಾ ರಾಲ್ಫ್. 1896ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿ, 1920ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ಜೀವರಸಾಯನ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ರಾಕ್‌ಫೆಲರ್ ಸಂಸ್ಥೆಯಲ್ಲಿ ಕೆಲಸ ಮಾಡಿದವರು. ಹೆಣ್ಣುಮಕ್ಕಳಿಗೆ ಪ್ರಯೋಗಾಲಯದ ಬಾಗಿಲು ಅಷ್ಟಾಗಿ ತೆರೆಯದಿದ್ದ ಕಾಲ ಅದು. ನ್ಯೂಯಾರ್ಕ್ ಬಳಿಯ ನಯಾಕ್‌ನಲ್ಲಿ ಪಿಯೇರ್ ಬರ್ನಾರ್ಡ್ ಎಂಬ ಅಮೆರಿಕನ್ ಯೋಗ ಕಲಿಸುತ್ತಿದ್ದ. 'ಓಂ' ಎಂದೇ ಪತ್ರಿಕೆಗಳು ಅವನನ್ನು ಗೇಲಿ ಮಾಡುತ್ತಿದ್ದವು. ರಾಲ್ಫ್ ಅಲ್ಲಿ ಆಸನಗಳನ್ನು ಕಲಿತರು. ಆಸ್ಟಿಯೋಪಥಿಯ ಪರಿಚಯವೂ ಇತ್ತು. ಹೀಗೆ ಸ್ಟಿಲ್‌ನ ಪೊರೆ, ಯೋಗದ ನಿಲುವು, ರಸಾಯನಶಾಸ್ತ್ರದ ಕಾಲಜನ್ ಮೂರನ್ನೂ ಕಲಸಿ ಅವರು ಒಂದು ಪದ್ಧತಿ ಕಟ್ಟಿದರು. ಗುರುತ್ವಾಕರ್ಷಣೆಯ ಎದುರು ದೇಹ ನೆಟ್ಟಗೆ ನಿಲ್ಲಬೇಕು, ಪೊರೆ ಎಲ್ಲೆಲ್ಲಿ ಗಿಡ್ಡವಾಗಿ ಅಂಟಿಕೊಂಡಿದೆಯೋ ಅಲ್ಲೆಲ್ಲ ಗಿಣ್ಣು, ಮೊಣಕೈಗಳಿಂದ ಒತ್ತಿ ಬಿಡಿಸಬೇಕು, ಹತ್ತು ಸರದಿಗಳಲ್ಲಿ ಇಡೀ ಮೈಯನ್ನು ಮರುಜೋಡಿಸಬೇಕು. 1960ರ ದಶಕದಲ್ಲಿ ಕ್ಯಾಲಿಫೋರ್ನಿಯದ ಎಸಲೆನ್ ಎಂಬ ಆಶ್ರಮದಂತಹ ಕೇಂದ್ರದಲ್ಲಿ ಇದು ಹೆಸರುವಾಸಿಯಾಯಿತು. 1971ರಲ್ಲಿ ಕೊಲರಾಡೋದ ಬೌಲ್ಡರ್‌ನಲ್ಲಿ ರಾಲ್ಫ್ ಸಂಸ್ಥೆ ನೆಲೆಯೂರಿತು. ಆರಂಭದ ದಿನಗಳಲ್ಲಿ ಈ ಚಿಕಿತ್ಸೆಗೆ ಒಳಗಾದವರಿಗೆ ಮೊದಲು ನೆನಪಾಗುತ್ತಿದ್ದದ್ದು ಅದರ ನೋವೇ.

ರಾಲ್ಫ್ ಕೊಟ್ಟ ವಿವರಣೆ ಸರಳ. ಗಟ್ಟಿಯಾದ ತುಪ್ಪ ಬಿಸಿಗೆ ಕರಗುವಂತೆ ಪೊರೆಯ ಒಳಗಿನ ಗಟ್ಟಿ ದ್ರವ್ಯ ಕೈಯ ಒತ್ತಡ ಮತ್ತು ಶಾಖಕ್ಕೆ ತೆಳುವಾಗುತ್ತದೆ ಎಂದು. ತುಪ್ಪದ ಹೋಲಿಕೆ ನನ್ನದು, ತರ್ಕ ಅವರದು. ಕೇಳಿದ ಕೂಡಲೇ ಒಪ್ಪಿಗೆಯಾಗುವ ತರ್ಕ.

ಅದೇ ಕಾಲದಲ್ಲಿ ಆಸ್ಪತ್ರೆಗಳ ಒಳಗಿನಿಂದ ಇನ್ನೊಂದು ಧಾರೆ ಬಂತು. 1938ರಲ್ಲಿ ಲಂಡನ್ನಿನ ಕೆಲ್‌ಗ್ರೆನ್ ಮಾಂಸಖಂಡಗಳಿಗೆ ಉಪ್ಪಿನ ದ್ರಾವಣ ಚುಚ್ಚಿ, ಚುಚ್ಚಿದ್ದು ಒಂದು ಕಡೆ, ನೋಯುವುದು ಬೇರೆ ಕಡೆ ಎಂದು ತೋರಿಸಿದರು. ಅಮೆರಿಕದ ಡಾ. ಜಾನೆಟ್ ಟ್ರಾವೆಲ್ ಇಂತಹ ಜಾಗಗಳ ನಕ್ಷೆಯನ್ನೇ ಬರೆದರು. ಒತ್ತಿದರೆ ದೂರಕ್ಕೆ ನೋವು ಹಾಯಿಸುವ ಮಾಂಸದ ಗಂಟಿಗೆ 'ಟ್ರಿಗರ್ ಪಾಯಿಂಟ್' ಎಂಬ ಹೆಸರು ಮನೆಮಾತಾದದ್ದು ಅವರಿಂದ. 1955ರಲ್ಲಿ ಅವರ ಬಳಿಗೆ ಬೆನ್ನುನೋವಿನಿಂದ ನರಳುತ್ತಿದ್ದ ಸೆನೆಟರ್ ಒಬ್ಬರು ಬಂದರು. ಹೆಸರು ಜಾನ್ ಕೆನಡಿ. ಟ್ರಾವೆಲ್ ನೋವಿನ ಗಂಟುಗಳಿಗೆ ಪ್ರೊಕೇನ್ ಎಂಬ ಅರಿವಳಿಕೆಯ ಚುಚ್ಚುಮದ್ದು ಕೊಟ್ಟರು, ಎಡಗಾಲು ಗಿಡ್ಡವೆಂದು ಬೂಟಿಗೆ ಮೆಟ್ಟೆ ಹಾಕಿಸಿದರು, ತೂಗುಕುರ್ಚಿಯಲ್ಲಿ ಕೂರಲು ಹೇಳಿದರು. 1961ರಲ್ಲಿ ಕೆನಡಿ ಅಧ್ಯಕ್ಷರಾದಾಗ ಶ್ವೇತಭವನದ ಮೊದಲ ಮಹಿಳಾ ವೈದ್ಯೆಯಾದರು. ಆದರೆ ಅದೇ ವರ್ಷ ಹಾನ್ಸ್ ಕ್ರಾಸ್ ಎಂಬ ವೈದ್ಯರನ್ನು ಕರೆಸಬೇಕಾಯಿತು. ಪರ್ವತಾರೋಹಿಯೂ ಆಗಿದ್ದ ಅವರು ಚುಚ್ಚುಮದ್ದು ಸಾಕು, ವ್ಯಾಯಾಮ ಬೇಕು ಎಂದರು. ಅಧ್ಯಕ್ಷರ ಬೆನ್ನಿನ ಮೇಲೆ ವೈದ್ಯರು ನಡೆಸಿದ ಈ ಜಗಳ ಇಂದಿಗೂ ನಮ್ಮ ನಿಮ್ಮ ಬೆನ್ನಿನ ಮೇಲೆ ನಡೆಯುತ್ತಲೇ ಇದೆ.

ಟ್ರಾವೆಲ್ ತಮ್ಮ ಅನುಭವವನ್ನೆಲ್ಲ ಗ್ರಂಥವಾಗಿಸಿದ್ದು ಡೇವಿಡ್ ಸೈಮನ್ಸ್ ಜೊತೆಗೂಡಿ. ಈ ಸೈಮನ್ಸ್ ಅಮೆರಿಕದ ವಾಯುಪಡೆಯ ವೈದ್ಯ. 1957ರ ಆಗಸ್ಟ್‌ನಲ್ಲಿ ಬಲೂನಿಗೆ ತೂಗುಬಿಟ್ಟ ಸಣ್ಣ ಗೂಡಿನಲ್ಲಿ ಕೂತು ಸುಮಾರು 31 ಕಿಲೋಮೀಟರ್ ಎತ್ತರ ಏರಿ ಒಂದು ದಿನಕ್ಕೂ ಮಿಕ್ಕಿ ಮೇಲೆಯೇ ಇದ್ದು ಬಂದವರು. ಆಕಾಶದ ಅಂಚು ಕಂಡ ಮನುಷ್ಯ ಆಮೇಲೆ ಕುತ್ತಿಗೆಯ ಗಂಟುಗಳನ್ನು ಹುಡುಕುವುದರಲ್ಲಿ ಆಯುಷ್ಯ ಕಳೆದರು. ಇಬ್ಬರ ಗ್ರಂಥದ ಮೊದಲ ಸಂಪುಟ 1983ರಲ್ಲಿ, ಎರಡನೆಯದು 1992ರಲ್ಲಿ ಬಂತು. ಅದೇ 1992ರಲ್ಲಿ ಸೈಮನ್ಸ್ ಸೇರಿದಂತೆ ಪರಿಣತರು ಒಂದು ಪರೀಕ್ಷೆಗೆ ಒಡ್ಡಿಕೊಂಡರು. ಯಾರು ರೋಗಿ, ಯಾರು ಆರೋಗ್ಯವಂತ ಎಂದು ತಿಳಿಸದೆ ಮುಟ್ಟಿ ಗಂಟು ಹುಡುಕಲು ಬಿಟ್ಟಾಗ ಅವರಲ್ಲೇ ಒಮ್ಮತ ಮೂಡಲಿಲ್ಲ. ಆ ಫಲಿತಾಂಶವನ್ನು ಮುಚ್ಚಿಡದೆ ಪ್ರಕಟಿಸಿದ್ದು ಅವರ ದೊಡ್ಡತನ.

'ಮಯೋಫೇಷಿಯಲ್ ರಿಲೀಸ್' ಎಂಬ ಹೆಸರು ಚಾಲ್ತಿಗೆ ಬಂದದ್ದು 1980ರ ದಶಕದ ಆರಂಭದಲ್ಲಿ, ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಆಸ್ಟಿಯೋಪಥಿ ವಲಯದಿಂದ. ಅದನ್ನು ಊರೂರಿಗೆ ಒಯ್ದವರಲ್ಲಿ ಪ್ರಮುಖರು ಪೆನ್ಸಿಲ್ವೇನಿಯಾದ ಫಿಸಿಯೋಥೆರಪಿಸ್ಟ್ ಜಾನ್ ಬಾರ್ನ್ಸ್. ರಾಲ್ಫ್‌ರ ಮೊಣಕೈಗೆ ಹೋಲಿಸಿದರೆ ಇದು ಸೌಮ್ಯ. ಎಣ್ಣೆ ಹಚ್ಚುವುದಿಲ್ಲ, ಹಚ್ಚಿದರೆ ಕೈ ಜಾರುತ್ತದೆ. ಅಂಗೈಯನ್ನು ಮೈಮೇಲಿಟ್ಟು, ಪದರ ಎದುರು ನಿಲ್ಲುವಲ್ಲಿಯವರೆಗೆ ಮೆಲ್ಲಗೆ ಒತ್ತಿ, ಅಲ್ಲೇ ಕಾಯುವುದು. ಒಂದೂವರೆ ಎರಡು ನಿಮಿಷ, ಕೆಲವೊಮ್ಮೆ ಐದು ನಿಮಿಷ. ಆಮೇಲೆ ಕೈಯ ಕೆಳಗೆ ಬೆಣ್ಣೆ ಕರಗಿದಂತೆ ಏನೋ ಸಡಿಲಾಗುತ್ತದೆ. ಚಿಕಿತ್ಸೆ ಕೊಡುವವರಿಗೂ ಪಡೆಯುವವರಿಗೂ ಅದು ಒಟ್ಟಿಗೇ ಗೊತ್ತಾಗುತ್ತದೆ ಎನ್ನುತ್ತಾರೆ. ಕೆಲವರು ಅಳುವುದೂ ಉಂಟು. ಹಳೆಯ ದುಃಖ ಪೊರೆಯಲ್ಲಿ ಸಿಕ್ಕಿಕೊಂಡಿರುತ್ತದೆ ಎಂಬ ಮಾತು ಹುಟ್ಟಿದ್ದು ಇಲ್ಲಿ. ಅದಕ್ಕೆ ಪುರಾವೆ ಇಲ್ಲ. ಎಷ್ಟೋ ಕಾಲದಿಂದ ಯಾರೂ ಮೆಲ್ಲಗೆ ಮುಟ್ಟದ ಮೈಯನ್ನು ಒಬ್ಬರು ಅವಸರವಿಲ್ಲದೆ ಮುಟ್ಟಿದರೆ ಕಣ್ಣೀರು ಬರಲು ಪೊರೆಯೇ ಕಾರಣವಾಗಬೇಕಿಲ್ಲ.

ಪ್ರಯೋಗಾಲಯಗಳು ತಡವಾಗಿ ಎಚ್ಚೆತ್ತವು. ರಾಲ್ಫ್ ಪದ್ಧತಿಯಲ್ಲೇ ಪಳಗಿದ್ದ ಜರ್ಮನಿಯ ರಾಬರ್ಟ್ ಶ್ಲೈಪ್ ತಮ್ಮ ಗುರುವಿನ ವಿವರಣೆಯ ಮೇಲೆಯೇ ಸಂಶಯ ತಾಳಿ ಸಂಶೋಧನೆಗಿಳಿದರು. ಪೊರೆಯಲ್ಲಿ ತಾನಾಗಿಯೇ ಕುಗ್ಗಬಲ್ಲ ಜೀವಕೋಶಗಳಿವೆ ಎಂದು ಅವರ ತಂಡ ತೋರಿಸಿತು. 2007ರಲ್ಲಿ ಬೋಸ್ಟನ್ನಿನಲ್ಲಿ ಫೇಷಿಯಾ ಸಂಶೋಧನೆಯ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. 2009ರಲ್ಲಿ ಹೆಲೆನ್ ಲಾಂಜೆವಿನ್ ಅಲ್ಟ್ರಾಸೌಂಡ್ ಮೂಲಕ ನೋಡಿ, ದೀರ್ಘಕಾಲದ ಸೊಂಟನೋವಿನವರಲ್ಲಿ ಬೆನ್ನಿನ ಪೊರೆ ಸುಮಾರು ಶೇಕಡ 25ರಷ್ಟು ದಪ್ಪವಾಗಿದೆ ಎಂದು ವರದಿ ಮಾಡಿದರು. 2011ರಲ್ಲಿ ಅದೇ ಪೊರೆಯ ಪದರಗಳು ಒಂದರ ಮೇಲೊಂದು ಜಾರುವುದು ಸುಮಾರು ಶೇಕಡ 20ರಷ್ಟು ಕಡಿಮೆ ಎಂದೂ ಕಂಡಿತು. ವೆಸೇಲಿಯಸ್‌ನ ಪಾದುವಾದಲ್ಲಿಯೇ ಕಾರ್ಲಾ ಸ್ಟೆಕೊ ಪೊರೆಗಳ ನಡುವೆ ಎಣ್ಣೆಯಂತೆ ಕೆಲಸ ಮಾಡುವ ಹೈಯಲುರೊನಾನ್ ಎಂಬ ದ್ರವ್ಯವನ್ನು ಅಧ್ಯಯನ ಮಾಡಿದರು. ಕೆರೆದು ಬಿಸಾಡಿದ ಊರೇ ಹೆಕ್ಕಿಕೊಂಡಿತು. ನೋವನ್ನು ಅರಿಯುವ ನರತುದಿಗಳು ಬೆನ್ನಿನ ಪೊರೆಯಲ್ಲಿ ಇವೆ ಎಂಬುದೂ ಇಲಿಗಳ ಮೇಲಿನ ಪ್ರಯೋಗಗಳಿಂದ ಗೊತ್ತಾಯಿತು.

ಇಷ್ಟಾದ ಮೇಲೆ ಗೆದ್ದೆವು ಎಂದುಕೊಂಡ ಚಿಕಿತ್ಸಕರಿಗೆ ತಣ್ಣೀರೆರಚಿದ್ದು 2008ರ ಒಂದು ಲೆಕ್ಕ. ಅದು ಬಂದದ್ದು ಅಮೆರಿಕದ ಆಸ್ಟಿಯೋಪಥಿ ಸಂಘದ ಪತ್ರಿಕೆಯಲ್ಲಿಯೇ. ಅಂಗಾಲಿನ ಅಥವಾ ತೊಡೆಯ ಗಟ್ಟಿ ಪೊರೆಯನ್ನು ಬರಿಯ ಶೇಕಡ 1ರಷ್ಟು ಒತ್ತಲು ಅಥವಾ ಜಾರಿಸಲು ಬೇಕಾಗುವ ಬಲ ಮನುಷ್ಯನ ಕೈಗೆ ಮೀರಿದ್ದು. ಮೂಗಿನ ಮೇಲಿನಂತಹ ಮೃದು ಪೊರೆಯಾದರೆ ಆದೀತು ಎಂದು ಚೌಧರಿ ಮತ್ತು ಸಂಗಡಿಗರ ಗಣಿತ ಹೇಳಿತು. ಯೋಚಿಸಿದರೆ ಇದು ನೆಮ್ಮದಿಯ ಸುದ್ದಿ. ಎರಡು ನಿಮಿಷ ಒತ್ತಿದ್ದಕ್ಕೆ ಹಿಗ್ಗುವ ಪೊರೆಯಾಗಿದ್ದರೆ ಕುರ್ಚಿಯ ಮೇಲೆ ಅರ್ಧ ದಿನ ಕೂತ ಗುಮಾಸ್ತನ ತೊಡೆ ಏನಾಗಬೇಕಿತ್ತು!

ಹಾಗಾದರೆ ಕೈಯ ಕೆಳಗೆ ಬಿಟ್ಟದ್ದು ಏನು? ಬಹುಶಃ ಪೊರೆಯಲ್ಲ, ಪೊರೆಯನ್ನು ಕಾಯುತ್ತಿದ್ದ ನರಮಂಡಲ. ನಿಧಾನವಾದ ಸ್ಪರ್ಶ ಪೊರೆಯೊಳಗಿನ ನರತುದಿಗಳಿಗೆ ತಲಪುತ್ತದೆ, ಅಲ್ಲಿಂದ ಬೆನ್ನುಹುರಿ, ಮಿದುಳಿಗೆ ಸುದ್ದಿ ಹೋಗುತ್ತದೆ, ಮಾಂಸಖಂಡಕ್ಕೆ ಬಿಗಿಯಾಗಿರಲು ಕೊಟ್ಟ ಆಜ್ಞೆ ಸಡಿಲಾಗುತ್ತದೆ. ಶ್ಲೈಪ್ 2003ರಲ್ಲಿ ಹೆಚ್ಚುಕಡಿಮೆ ಹೀಗೆಯೇ ವಾದಿಸಿದ್ದರು. ಮೂರು ತಿಂಗಳು ಮೀರಿದ ನೋವಿನಲ್ಲಿ ಗಾಯಕ್ಕಿಂತ ನರಮಂಡಲದ ಅತಿ ಎಚ್ಚರವೇ ದೊಡ್ಡ ಪಾತ್ರ ವಹಿಸುತ್ತದೆ ಎಂಬ ಇತ್ತೀಚಿನ ತಿಳುವಳಿಕೆಗೂ ಇದು ಹೊಂದುತ್ತದೆ. ಸ್ಕ್ಯಾನಿನಲ್ಲಿ ಏನೂ ಕಾಣದವರ ನೋವು ಸುಳ್ಳಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಆಧಾರ ಬೇಕಿಲ್ಲ.

ಇನ್ನು ಉಪಯೋಗದ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2020ರಲ್ಲಿ ಜಗತ್ತಿನ 61.9 ಕೋಟಿ ಜನರಿಗೆ ಸೊಂಟನೋವಿತ್ತು. 2023ರ ಡಿಸೆಂಬರಿನಲ್ಲಿ ಆ ಸಂಸ್ಥೆ ಕೊಟ್ಟ ಮಾರ್ಗಸೂಚಿ ತಿಳಿವಳಿಕೆ, ವ್ಯಾಯಾಮಗಳ ಜೊತೆಗೆ ಅಂಗಮರ್ದನವನ್ನೂ ಒಪ್ಪಿಕೊಂಡಿದೆ. ಒಪ್ಪಿಗೆ ಷರತ್ತಿನದು, ಪುರಾವೆ ದುರ್ಬಲವೆಂಬ ಟಿಪ್ಪಣಿಯೊಂದಿಗೆ. ಸೊಂಟಪಟ್ಟಿ ಮತ್ತು ಎಳೆತದ ಯಂತ್ರಗಳನ್ನು ಮಾಮೂಲಿಯಾಗಿ ಬಳಸಬೇಡಿ ಎಂದೂ ಅದು ಹೇಳುತ್ತದೆ. ಪುರಾವೆ ದುರ್ಬಲವಾಗಿರಲು ಒಂದು ಪ್ರಾಮಾಣಿಕ ಕಾರಣವಿದೆ. ಔಷಧವನ್ನು ಪರೀಕ್ಷಿಸಲು ಸಕ್ಕರೆ ಗುಳಿಗೆ ಸಿಗುತ್ತದೆ, ಕೈಗೆ ಬದಲಾಗಿ ಸುಳ್ಳು ಕೈಯನ್ನು ಎಲ್ಲಿಂದ ತರುವುದು? ಕೊಡುವವನಿಗಂತೂ ತಾನು ಏನು ಮಾಡುತ್ತಿದ್ದೇನೆಂದು ಗೊತ್ತೇ ಇರುತ್ತದೆ. ಇದರ ಜೊತೆಗೆ, ಜ್ವರ, ತೂಕ ಇಳಿಯುವುದು, ಕಾಲು ಸೋಲುವುದು, ಮೂತ್ರದ ಹಿಡಿತ ತಪ್ಪುವುದು ಇವು ನೋವಿನ ಜೊತೆಗಿದ್ದರೆ ಮೊದಲು ಹೋಗಬೇಕಾದದ್ದು ವೈದ್ಯರ ಬಳಿಗೆ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ಸಂಶಯವಿದ್ದರೆ ಒತ್ತಿಸಿಕೊಳ್ಳಲೇಬಾರದು. 'ಇಡೀ ದೇಹಕ್ಕೆ ಪರಿಹಾರ' ಎಂದು ಸಕ್ಕರೆ ಕಾಯಿಲೆಗೂ ಸರದಿ ಬರೆಯುವವರು ಸ್ಟಿಲ್‌ನ ಅವಳಿಗಳಲ್ಲಿ ತಪ್ಪು ಕೂಸನ್ನು ಎತ್ತಿಕೊಂಡವರು.

ನಮ್ಮ ದೇಶದಲ್ಲೇ ನಡೆದ ಒಂದು ಪರೀಕ್ಷೆಯ ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಕೇರಳದ ಸಂಶೋಧಕರು ದೀರ್ಘಕಾಲದ ಸೊಂಟನೋವಿದ್ದ 80 ಮಂದಿ ನರ್ಸ್‌ಗಳನ್ನು ಎರಡು ಗುಂಪು ಮಾಡಿದರು. ವ್ಯಾಯಾಮ ಎಲ್ಲರಿಗೂ ಒಂದೇ. ಒಂದು ಗುಂಪಿಗೆ ಮಯೋಫೇಷಿಯಲ್ ರಿಲೀಸ್, ಇನ್ನೊಂದಕ್ಕೆ ಹಾಗೆಯೇ ತೋರುವ ಹುಸಿ ಸ್ಪರ್ಶ. ಎಂಟು ವಾರಗಳಲ್ಲಿ 24 ಸರದಿ. ನಿಜವಾದ ಚಿಕಿತ್ಸೆ ಪಡೆದವರ ನೋವು ಸುಮಾರು ಅರ್ಧಕ್ಕೆ ಇಳಿಯಿತು, ಹುಸಿ ಸ್ಪರ್ಶದವರದು ಸುಮಾರು ಕಾಲು ಭಾಗದಷ್ಟು ಕಡಿಮೆಯಾಯಿತು. ಸಣ್ಣ ಪರೀಕ್ಷೆ, ನಡೆಸಿದವರು ಆ ಚಿಕಿತ್ಸೆಯವರೇ ಎಂಬುದನ್ನು ಮರೆಯುವಂತಿಲ್ಲ. ಆದರೆ ಹುಸಿ ಸ್ಪರ್ಶ ಮತ್ತು ವ್ಯಾಯಾಮದಿಂದಲೂ ಕಾಲು ಭಾಗ ನೋವು ಹೋದದ್ದನ್ನೂ ಮರೆಯುವಂತಿಲ್ಲ. ವಾರಕ್ಕೆ ಮೂರು ಸಲ ಒಬ್ಬರು ಕೂತು ಅವರ ಬೆನ್ನಿನ ಮೇಲೆ ಕೈಯಿಟ್ಟಿದ್ದರು. ನರ್ಸ್‌ಗಳ ಕೆಲಸದಲ್ಲಿ ಸಾಮಾನ್ಯವಾಗಿ ಕೈಯಿಡುವವರು ಅವರೇ. ಪರೀಕ್ಷೆ ಮುಗಿದ ಮರುದಿನ ಅವರು ಮತ್ತೆ ವಾರ್ಡಿಗೆ ಹೋಗಿ ರೋಗಿಗಳನ್ನು ಮಗ್ಗುಲು ಬದಲಿಸಿ ಮಲಗಿಸಿರಬೇಕು.